ಹರಳೆಣ್ಣೆ ಹೊಗೆಯ ಭಾನುವಾರಗಳು

ಹೋದ ಭಾನುವಾರ ನಮ್ಮ ಮನೆಯಲ್ಲಿ ಮೊಮ್ಮಗನಿಗೆ ಎಣ್ಣೆನೀರು. ನನ್ನ ಹೆಂಡತಿ ಹರಳೆಣ್ಣೆಯನ್ನು ಒಲೆಯ ಮೇಲಿಟ್ಟು ತಂಗಿಯ ಜೊತೆ ಫೋನಿನಲ್ಲಿ ಮಾತಿಗೆ ನಿಂತಳು. ಮಾತು ಉದ್ದವಾಯಿತು, ಎಣ್ಣೆ ಹೊಗೆಯಾಡಿತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆಗೆಯಲು ಓಡಿದರೆ, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಉಸಿರೆಳೆದುಕೊಳ್ಳುತ್ತಿದ್ದೆ. “ಅಜ್ಜಿ, ತಾತನಿಗೆ ಏನೋ ಆಗಿದೆ!” ಎಂದು ಮೊಮ್ಮಗ ಕೂಗಿದ. ತಾತ ಆ ಗಳಿಗೆಯಲ್ಲಿ ಮೈಸೂರಿನಲ್ಲೇ ಇರಲಿಲ್ಲ. ಮದ್ರಾಸಿನ ಆಚೆ ಶೋಲಾವರಂ ಎಂಬಲ್ಲಿ, ಉರಿಬಿಸಿಲಲ್ಲಿ, ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಮೋಟಾರ್ ಸೈಕಲ್ಲುಗಳಿಗಾಗಿ ಕಾಯುತ್ತಿದ್ದ.

ಹರಳೆಣ್ಣೆಗೂ ಮೋಟಾರ್ ಸೈಕಲ್ಲಿಗೂ ಎಲ್ಲಿಯ ನಂಟು ಎಂದು ಮಕ್ಕಳು ಕೇಳಬಹುದು. ಆ ಕಾಲದ ಎಷ್ಟೋ ಗಾಡಿಗಳು ಟೂ ಸ್ಟ್ರೋಕ್ ಇಂಜಿನ್ನಿನವು. ಅವಕ್ಕೆ ಕೀಲೆಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸಬೇಕು. ಅದು ಪೆಟ್ರೋಲಿನ ಜೊತೆ ಉರಿದು ಹೊಗೆಯಾಗಿ ಹೋಗುತ್ತದೆ. ಪಂದ್ಯಕ್ಕೆ ಇಳಿಯುವವರಲ್ಲಿ ಕೆಲವರು ಹರಳೆಣ್ಣೆಯಿಂದ ಮಾಡಿದ ಆಯಿಲ್ ಹಾಕುತ್ತಿದ್ದರು. ಇಂಜಿನ್ ಎಷ್ಟು ಕಾದರೂ ಹರಳೆಣ್ಣೆ ಲೋಹವನ್ನು ಅಂಟಿಕೊಂಡೇ ಇರುತ್ತದೆ, ಬಿಡುವುದಿಲ್ಲ. ಪ್ರಸಿದ್ಧ ಆಯಿಲ್ ಕಂಪನಿ ಕ್ಯಾಸ್ಟ್ರಾಲ್‌ಗೆ ಆ ಹೆಸರು ಬಂದದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದಲೇ. ನಮ್ಮಜ್ಜಿ ತಲೆಗೆ ಒತ್ತುತ್ತಿದ್ದ ಎಣ್ಣೆ, ಹೊಟ್ಟೆ ಕೆಟ್ಟಾಗ ಮೂಗು ಹಿಡಿದು ಕುಡಿಸುತ್ತಿದ್ದ ಎಣ್ಣೆ, ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹೊಗೆಯಾಗಿ ನನ್ನ ಮುಖಕ್ಕೆ ಬಡಿದಾಗ ಮೊದಲ ಸಲ ನನಗೆ ನಗು ಬಂದಿತ್ತು.

ನಾನು 1971ರಲ್ಲಿ ಬಿ.ಕಾಂ. ಮುಗಿಸಿ ಮರುವರ್ಷ ಮೈಸೂರಿನಲ್ಲೇ ಬ್ಯಾಂಕ್ ಗುಮಾಸ್ತನಾದೆ. ಆಗಿನ ಮೈಸೂರಿನಲ್ಲಿ ಮೋಟಾರ್ ಸೈಕಲ್ ಅಂದರೆ ಜಾವಾ. ಜೆಕೊಸ್ಲೊವಾಕಿಯದ ಈ ಗಾಡಿ ನಮ್ಮ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗಿ ಹೊರಬರುತ್ತಿತ್ತು. 1973ರಿಂದ ಅದಕ್ಕೇ ಯೆಜ್ಡಿ ಎಂಬ ಹೆಸರಾಯಿತು. ಎರಡು ಸೈಲೆನ್ಸರ್, ಕಿಕ್ಕೂ ಗೇರೂ ಒಂದೇ ಕಡ್ಡಿಯಲ್ಲಿ. ಕಿಕ್ ಹೊಡೆದು ಅದೇ ಕಡ್ಡಿಯನ್ನು ಮುಂದಕ್ಕೆ ಮಡಿಸಿದರೆ ಗೇರ್! ಊರಿನ ಪ್ರತಿ ಓಣಿಯಲ್ಲೂ ಅದನ್ನು ಬಿಚ್ಚಿ ಜೋಡಿಸುವ ಹುಡುಗರಿದ್ದರು.

ಅಂಥ ಒಬ್ಬ ಮೆಕ್ಯಾನಿಕ್ ನಮ್ಮ ಬ್ಯಾಂಕಿನಲ್ಲಿ ಖಾತೆ ಇಟ್ಟಿದ್ದ. ಒಂದು ದಿನ ದುಡ್ಡು ಕಟ್ಟಲು ಬಂದವನು, “ಸಾರ್, ನಿಮ್ ಹತ್ರ ಒಳ್ಳೇ ಕ್ಯಾಮ್ರಾ ಇದ್ಯಂತಲ್ಲ. ನಮ್ಮ ಹುಡುಗ್ರು ಮದ್ರಾಸ್ ರೇಸಿಗೆ ಹೋಗ್ತಾವ್ರೆ. ಬನ್ನಿ, ಒಂದೆರಡು ಫೋಟೋ ಹೊಡ್ಕೊಡಿ” ಎಂದ. ಕ್ಯಾಮೆರಾ ಇದ್ದದ್ದು ನಿಜ. ಸ್ಟುಡಿಯೋದವರೊಬ್ಬರಿಂದ ಕಂತಿನ ಮೇಲೆ ಕೊಂಡ ಹಳೆಯ ಪೆಂಟಾಕ್ಸ್. ಅದುವರೆಗೆ ಅದರಲ್ಲಿ ನಾನು ತೆಗೆದದ್ದು ಚಾಮುಂಡಿ ಬೆಟ್ಟದ ಸೂರ್ಯೋದಯ, ಅಕ್ಕನ ಮಗನ ನಾಮಕರಣ, ಕಾರಂಜಿ ಕೆರೆಯ ಕೊಕ್ಕರೆ. ಕೊಕ್ಕರೆ ಎಷ್ಟು ಹೊತ್ತು ಬೇಕಾದರೂ ಅಲ್ಲಾಡದೆ ನಿಲ್ಲುತ್ತದೆ. ಆ ಧೈರ್ಯದ ಮೇಲೆ ಹೂಂ ಅಂದುಬಿಟ್ಟೆ.

ಹೀಗೆ 1978ರಲ್ಲಿ ನಾನು ಮೊದಲ ಸಲ ಶೋಲಾವರಂಗೆ ಹೋದದ್ದು. ಶನಿವಾರ ಬ್ಯಾಂಕ್ ಅರ್ಧ ದಿನ. ಲೆಡ್ಜರ್ ತಾಳೆ ನೋಡಿ ಮುಗಿಸಿ ಮೀಟರ್ ಗೇಜ್ ರೈಲಿನಲ್ಲಿ ಬೆಂಗಳೂರು, ಅಲ್ಲಿ ಬ್ರಾಡ್ ಗೇಜಿಗೆ ಬದಲಿಸಿ ರಾತ್ರಿಯ ಮದ್ರಾಸ್ ರೈಲು, ಬೆಳಿಗ್ಗೆ ಸೆಂಟ್ರಲ್ಲಿನಲ್ಲಿ ಇಳಿದು ರೆಡ್ ಹಿಲ್ಸ್ ಕಡೆಯ ಬಸ್ಸು. ಮದ್ರಾಸಿಗೆ ಕುಡಿಯುವ ನೀರು ಕೊಡುವ ದೊಡ್ಡ ಕೆರೆಗಳು ಆ ಕಡೆಯೇ ಇವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿ, ಆಮೇಲೆ ವಿಮಾನಗಳಿಲ್ಲದೆ ಪಾಳುಬಿದ್ದ ಒಂದು ರನ್‌ವೇ ಅಲ್ಲಿತ್ತು. ಕಾಂಕ್ರೀಟಿನ ಉದ್ದನೆಯ ಪಟ್ಟಿ, ಸುತ್ತ ಕುರುಚಲು, ನೆರಳಿಗೆ ಒಂದು ಮರವಿಲ್ಲ. ಅದೇ ನಮ್ಮ ದೇಶದ ಹೆಸರಾಂತ ರೇಸ್ ಟ್ರ್ಯಾಕ್. ವರ್ಷಕ್ಕೊಮ್ಮೆ ಕಾರೂ ಮೋಟಾರ್ ಸೈಕಲ್ಲೂ ಸೇರಿದ ದೊಡ್ಡ ಪಂದ್ಯ. ಮದ್ರಾಸಿಗೆ ಮದ್ರಾಸೇ ಬುತ್ತಿ ಕಟ್ಟಿಕೊಂಡು ಬಂದಿತ್ತು. ಹೆಂಗಸರು, ಮಕ್ಕಳು, ಛತ್ರಿ, ಮಜ್ಜಿಗೆ ಮಾರುವವರು, ಸುಂಡಲ್ ಮಾರುವವರು. ನಮ್ಮ ನಂಜನಗೂಡಿನ ತೇರಿಗೆ ಏನೂ ಕಡಿಮೆಯಿರಲಿಲ್ಲ.

ಆ ಮೊದಲ ಸಲ ಎರಡು ರೋಲ್ ಫಿಲಮ್ ಖರ್ಚು ಮಾಡಿದೆ. ಒಂದು ರೋಲಿನಲ್ಲಿ 36 ಚಿತ್ರ, ಅಂದರೆ ಒಟ್ಟು 72. ಇವತ್ತು ನಮ್ಮ ಮೊಮ್ಮಗಳು ಒಂದು ಐಸ್‌ಕ್ರೀಮ್ ತಿನ್ನುವಷ್ಟರಲ್ಲಿ ಅಷ್ಟು ಫೋಟೋ ತೆಗೆಯುತ್ತಾಳೆ. ಆಗ ಊಟಿಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲಮೋ, ಪೂರ್ವ ಜರ್ಮನಿಯ ಓರ್ವೋ ಫಿಲಮೋ, ಯಾವುದನ್ನು ಕೊಂಡರೂ ಒಂದು ರೋಲಿನ ದುಡ್ಡಿಗೆ ಮನೆಗೆ ವಾರದ ತರಕಾರಿ ಬರುತ್ತಿತ್ತು. ಊರಿಗೆ ಬಂದು, ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊದಿಸಿ, ತೊಳೆದು ನೋಡಿದೆ. ಅರ್ಧಕ್ಕರ್ಧ ಚಿತ್ರಗಳಲ್ಲಿ ಖಾಲಿ ಕಾಂಕ್ರೀಟ್! ಕೆಲವುದರಲ್ಲಿ ಹಿಂದಿನ ಚಕ್ರ ಮಾತ್ರ. ನನ್ನ ಬೆರಳು ಗುಂಡಿ ಒತ್ತುವ ಹೊತ್ತಿಗೆ ಗಾಡಿ ದಾಟಿಹೋಗಿತ್ತು. ಸರಿಯಾಗಿ ಬಂದ ಕೆಲವನ್ನು ಮೆಕ್ಯಾನಿಕ್‌ಗೆ ತೋರಿಸಿದರೆ ಅವನು ತಲೆ ಕೆರೆದುಕೊಂಡ. “ಬಂದದೆ ಸಾರ್. ಆದ್ರೆ ಸ್ಟ್ಯಾಂಡ್ ಹಾಕಿ ನಿಲ್ಸಿ, ಮೇಲೆ ಹುಡುಗನ್ನ ಕೂರ್ಸಿ ತೆಗ್ದಂಗದೆ.”

ಅವನು ಹೇಳಿದ್ದು ಸರಿ. ಬ್ಯಾಂಕಿನವನಲ್ಲವೇ, ಕಾಗದ ಪೆನ್ಸಿಲ್ ತೆಗೆದುಕೊಂಡು ಲೆಕ್ಕ ಹಾಕಿದೆ. ಮಕ್ಕಳೇ, ನೀವೂ ಹಾಕಿ ನೋಡಿ. ಗಂಟೆಗೆ 108 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ 30 ಮೀಟರ್ ಹೋಗುತ್ತದೆ. ಕ್ಯಾಮೆರಾದ ಕಣ್ಣು ಒಂದು ಸೆಕೆಂಡಿನ ಐನೂರನೇ ಒಂದು ಭಾಗ ತೆರೆದರೆ ಆ ಹೊತ್ತಿನಲ್ಲಿ ಗಾಡಿ ಹೋಗುವುದು 6 ಸೆಂಟಿಮೀಟರ್ ಮಾತ್ರ. ತಿರುವಿನಲ್ಲಿ ವೇಗ ಇನ್ನೂ ಕಡಿಮೆ. ಹಾಗಾಗಿ ಎಲ್ಲವೂ ಹೆಪ್ಪುಗಟ್ಟಿದ ಹಾಗೆ ನಿಂತುಬಿಡುತ್ತದೆ, ಚಕ್ರದ ಕಡ್ಡಿ ಎಣಿಸಬಹುದು. ಅದೇ ಅರವತ್ತನೇ ಒಂದು ಭಾಗ ತೆರೆದರೆ? ಗಾಡಿ ಅರ್ಧ ಮೀಟರ್ ಸರಿದಿರುತ್ತದೆ. ಸುಮ್ಮನೆ ನಿಂತು ತೆಗೆದರೆ ಚಿತ್ರವೆಲ್ಲ ಅಳಿಸಿದ ಹಾಗೆ ಬರುತ್ತದೆ. ಆದರೆ ಗಾಡಿಯ ಜೊತೆಗೇ, ಅದೇ ವೇಗದಲ್ಲಿ, ಕ್ಯಾಮೆರಾವನ್ನೂ ತಿರುಗಿಸುತ್ತ ಗುಂಡಿ ಒತ್ತಿದರೆ ಗಾಡಿ ಸ್ಪಷ್ಟವಾಗಿ ನಿಲ್ಲುತ್ತದೆ, ಹಿಂದಿನ ಜನ, ಹುಲ್ಲು, ಬೇಲಿ ಎಲ್ಲ ಗೆರೆಗೆರೆಯಾಗಿ ಓಡುತ್ತವೆ. ನೋಡಿದವರಿಗೆ ವೇಗ ಕಾಣುತ್ತದೆ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ.

ಹೇಳುವುದು ಸುಲಭ. ಎರಡು ಪಾದವನ್ನೂ ಚಿತ್ರ ತೆಗೆಯಬೇಕಾದ ಜಾಗದ ಕಡೆಗೆ ಊರಿ, ಸೊಂಟದಿಂದ ಮೇಲೆ ಮಾತ್ರ ಗಾಡಿ ಬರುವ ಕಡೆ ತಿರುಗಿ, ಅದು ಬಂದಹಾಗೆ ಬುಗುರಿಯಂತೆ ಬಿಚ್ಚಿಕೊಳ್ಳುತ್ತ ಬರಬೇಕು. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ಫೋಕಸ್ಸನ್ನು ಮೊದಲೇ ನೆಲದ ಯಾವುದೋ ಒಂದು ಗುರುತಿಗೆ ಕೂರಿಸಿಟ್ಟಿರಬೇಕು. ನಾನು ಕಾಂಕ್ರೀಟಿನ ಬಿರುಕಿಗೆ ಬಳಿದ ಡಾಂಬರಿನ ಗೆರೆ ಹುಡುಕಿಕೊಳ್ಳುತ್ತಿದ್ದೆ. ನಮ್ಮ ಮನೆ ಮುಂದೆ ತಿಂಗಳುಗಟ್ಟಲೆ, ಫಿಲಮ್ ಹಾಕದ ಕ್ಯಾಮೆರಾ ಹಿಡಿದು, ಹೋಗುವ ಬರುವ ಸೈಕಲ್ಲುಗಳ ಮೇಲೆ ಅಭ್ಯಾಸ ಮಾಡಿದೆ. ಹಾಲಿನವನು, ಟಾಂಗಾದವನು, ಶಾಲೆಗೆ ಹೋಗುವ ಹುಡುಗಿಯರು. ಕೊನೆಯವರ ವಿಷಯದಲ್ಲಿ ಎದುರುಮನೆಯವರು ಅಪ್ಪನಿಗೆ ದೂರು ಹೇಳಿದರು. ಕ್ಯಾಮೆರಾದ ಹಿಂಬಾಗಿಲು ತೆಗೆದು ಒಳಗೆ ಫಿಲಮ್ ಇಲ್ಲವೆಂದು ತೋರಿಸಬೇಕಾಯಿತು. ಅಪ್ಪನಿಗೆ ಸಮಾಧಾನವಾಯಿತು, ಅಮ್ಮನಿಗೆ ಗಾಬರಿಯಾಯಿತು. ಫಿಲಮ್ಮೇ ಇಲ್ಲದೆ ಫೋಟೋ ತೆಗೆಯುತ್ತಾನಲ್ಲ!

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಆ ಕ್ಯಾಮೆರಾದ ಒಳಗೆ ಒಂದು ಸಣ್ಣ ಕನ್ನಡಿ. ಲೆನ್ಸಿನಿಂದ ಬಂದ ಬೆಳಕನ್ನು ನಮ್ಮ ಕಣ್ಣಿಗೆ ಕಳಿಸುವುದು ಅದೇ. ಗುಂಡಿ ಒತ್ತಿದ ತಕ್ಷಣ ಆ ಕನ್ನಡಿ ಟಪ್ ಎಂದು ಮೇಲಕ್ಕೆ ಹಾರಿ ಫಿಲಮಿಗೆ ದಾರಿ ಬಿಡುತ್ತದೆ. ಆ ಕ್ಷಣ ನಮ್ಮ ಕಣ್ಣಿಗೆ ಕತ್ತಲೆ. ಅಂದರೆ ಫಿಲಮ್ ಕಂಡದ್ದು ನಮಗೆ ಕಂಡಿರುವುದಿಲ್ಲ. ಕಣ್ಣಾರೆ ಚೆನ್ನಾಗಿ ಕಂಡೆ ಅನಿಸಿತೋ, ಆ ಚಿತ್ರ ತಪ್ಪಿತೆಂದೇ ಲೆಕ್ಕ.

ಮರುವರ್ಷ, 1979ರಲ್ಲಿ ಮತ್ತೆ ಹೋದೆ. ಈ ಸಲ ರನ್‌ವೇ ಮುಗಿದು ಗಾಡಿಗಳು ತಿರುಗಿಕೊಳ್ಳುವ ಮೂಲೆಯಲ್ಲಿ ಜಾಗ ಹಿಡಿದೆ. ಮೈಸೂರಿನಿಂದ ಬಂದವರಲ್ಲಿ ಒಬ್ಬ ಹುಡುಗ ಇದ್ದ, ಇಪ್ಪತ್ತೆರಡೋ ಇಪ್ಪತ್ಮೂರೋ. ತೆಳ್ಳಗಿನ ಆಸಾಮಿ, ಮಾತು ಕಡಿಮೆ. ಅವನ ಹಳೆಯ ಚರ್ಮದ ಕೋಟಿಗೆ ಎರಡೂ ಮೊಣಕೈಯಲ್ಲಿ ಬೇರೆ ಬಣ್ಣದ ಚರ್ಮದ ತೇಪೆ. ಅವನು ಮುಂದಿನವನನ್ನು ಹಿಂದೆ ಹಾಕಬೇಕೆಂದು ತಿರುವಿಗೆ ಬೇಗದಲ್ಲೇ ನುಗ್ಗಿದ. ಗಾಡಿ ವಾಲಿಸಿದ, ವಾಲಿತು, ಇನ್ನೂ ವಾಲಿತು, ಮುಂದಿನ ಚಕ್ರ ಜಾರಿತು. ನಾನು ಅವನ ಜೊತೆಗೇ ತಿರುಗುತ್ತಿದ್ದೆನಲ್ಲ, ಬೆರಳು ತಾನಾಗಿ ಒತ್ತಿತು. ಲಿವರ್ ಎಳೆದೆ, ಮತ್ತೆ ಒತ್ತಿದೆ. ಗಾಡಿ ಕಿಡಿ ಹಾರಿಸುತ್ತ ಒಂದು ಕಡೆ, ಹುಡುಗ ಅಂಗಾತ ಜಾರುತ್ತ ಇನ್ನೊಂದು ಕಡೆ. ಹಳದಿ ಬಾವುಟದವನು ಬಾವುಟ ಬೀಸಿದ. ಯಾರೋ ಇಬ್ಬರು ಓಡಿಬಂದು ಅವನನ್ನು ಹುಲ್ಲಿನ ಪಿಂಡಿಗಳ ಆಚೆ ಎಳೆದುಕೊಂಡರು. ಭುಜದ ಮೂಳೆ ಮುರಿದಿತ್ತು, ಮೈಯೆಲ್ಲ ತರಚಿತ್ತು. ಜೀವಕ್ಕೇನೂ ಆಗಲಿಲ್ಲ.

ತೊಳೆದಾಗ ಎರಡನೇ ಚಿತ್ರ ನೋಡಿ ನನಗೇ ಮೈ ಜುಮ್ಮೆಂದಿತು. ಅಷ್ಟು ಚೆನ್ನಾಗಿ ಬಂದಿತ್ತು. ಒಂದು ವಾರಪತ್ರಿಕೆಗೆ ಕಳಿಸಿದೆ, ಅವರು ಹಾಕಿದರು. ಕೆಳಗೆ ‘ಚಿತ್ರ’ ಎಂದು ನನ್ನ ಹೆಸರು, ಮೈಸೂರು. ಹದಿನೈದು ರೂಪಾಯಿ ಮನಿಯಾರ್ಡರ್ ಬಂತು. ಬ್ಯಾಂಕಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದೆ. ಅಷ್ಟು ದಿನ ನನ್ನ ಸೋಮವಾರದ ತಡವನ್ನು ಗುರುತು ಹಾಕಿಕೊಳ್ಳುತ್ತಿದ್ದ ಮ್ಯಾನೇಜರೂ ಬೆನ್ನು ತಟ್ಟಿದರು.

ಅದಾದ ಒಂದು ವಾರಕ್ಕೆ, ಮಧ್ಯಾಹ್ನ ಜನ ಕರಗುವ ಹೊತ್ತಿಗೆ, ನನ್ನ ಕೌಂಟರಿನ ಮುಂದೆ ಒಬ್ಬ ಹೆಂಗಸು ಬಂದು ನಿಂತರು. ಐವತ್ತರ ಆಸುಪಾಸು, ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಟೋಕನ್ ಇಲ್ಲ, ಪಾಸ್‌ಬುಕ್ ಇಲ್ಲ. ಚೀಲದಿಂದ ಮಡಿಸಿದ ಪತ್ರಿಕೆ ತೆಗೆದು ಜಾಲರಿಯ ಕೆಳಗೆ ತಳ್ಳಿದರು.

“ಇದ್ನ ತೆಗ್ದಿದ್ದು ನೀನೇನಪ್ಪಾ?”

ಹೌದಮ್ಮಾ ಎಂದೆ. ಹೊಗಳಲು ಬಂದಿದ್ದಾರೆಂದೇ ಎಣಿಸಿದ್ದೆ.

“ಇವ್ನು ನನ್ನ ಮಗ. ಮದ್ರಾಸಿಗೆ ಫ್ರೆಂಡ್ ಮದುವೆಗೆ ಹೋಗ್ತೀನಿ ಅಂತ ಹೇಳಿ ಹೋಗಿದ್ದ. ಬಸ್ಸಿಂದ ಇಳಿಯೋವಾಗ ಬಿದ್ದೆ ಅಂತ ಹೇಳಿ ಕೈಗೆ ಪಟ್ಟಿ ಕಟ್ಕೊಂಡು ಬಂದ. ನಾನೂ ನಂಬಿದ್ದೆ.”

ನನ್ನ ಬಾಯಿ ಒಣಗಿತು. ಪಕ್ಕದ ಕೌಂಟರಿನವರು ಎಣಿಸುತ್ತಿದ್ದ ನೋಟು ನಿಲ್ಲಿಸಿ ನೋಡುತ್ತಿದ್ದರು. ಆಕೆಯ ಮಾತಿನಲ್ಲಿ ಜಗಳವಿರಲಿಲ್ಲ. ಅದೇ ಕಷ್ಟವಾದದ್ದು.

“ಅಲ್ಲಪ್ಪಾ, ಅವ್ನು ಬೀಳ್ತಾ ಇರೋದು ಇಷ್ಟು ಹತ್ರದಿಂದ ನಿನಗೆ ಕಾಣಿಸ್ತಿತ್ತು. ಎತ್ತಕ್ಕೆ ಹೋಗ್ಬೇಕು ಅನ್ನಿಸ್ಲಿಲ್ವಾ?”

ದೂರದಿಂದ ತೆಗೆದರೂ ಹತ್ತಿರ ಕಾಣುವ ಲೆನ್ಸ್ ಇರುತ್ತದಮ್ಮಾ ಎಂದು ಹೇಳಲು ಹೊರಟೆ. ನಿಜವೇ, ನನ್ನದು 135ರ ಲೆನ್ಸ್. ಆದರೆ ಅದು ಆಕೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಸುಮ್ಮನಾದೆ. ಕ್ಷಮಿಸಿ ಎಂದೂ ಬಾಯಿಂದ ಬರಲಿಲ್ಲ. ಆಕೆ ಪತ್ರಿಕೆಯನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಚೀಲಕ್ಕಿಟ್ಟುಕೊಂಡರು. ಹೊರಟವರು ನಿಂತು, “ಅವನೇನೂ ಇದನ್ನ ಬಿಡಲ್ಲ, ಬಿಡು. ಅವರಪ್ಪನ ಹಟ. ಬಿದ್ದಿದ್ದನ್ನ ಊರೆಲ್ಲಾ ನೋಡ್ತು. ಮುಂದಿನ ಸಲ ಹೋದ್ರೆ, ನೆಟ್ಟಗೆ ಕೂತಿರೋದು ಒಂದು ತೆಗ್ದು ಕೊಡು” ಎಂದರು.

ಆ ವರ್ಷವೆಲ್ಲ ನನಗೆ ಆ ಮಾತು ಕಿವಿಯಲ್ಲೇ ಇತ್ತು. ನಾನು ಓಡಿಹೋಗಿದ್ದರೆ ಏನಾದರೂ ಪ್ರಯೋಜನವಾಗುತ್ತಿತ್ತೇ? ಇಲ್ಲ, ಎತ್ತುವವರು ನನಗಿಂತ ಹತ್ತಿರದಲ್ಲಿದ್ದರು, ಟ್ರ್ಯಾಕಿಗೆ ಕಂಡವರೆಲ್ಲ ಇಳಿದರೆ ಇನ್ನೂ ನಾಲ್ಕು ಜನಕ್ಕೆ ಅಪಾಯ. ಇದನ್ನೆಲ್ಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ರಾತ್ರಿ ಮಲಗಿದಾಗ ಮಾತ್ರ, ಲಿವರ್ ಎಳೆದ ನನ್ನ ಹೆಬ್ಬೆರಳು ನೆನಪಾಗುತ್ತಿತ್ತು. ಯಾರೋ ಬೀಳುತ್ತಿರುವಾಗ ಮುಂದಿನ ಚಿತ್ರಕ್ಕೆ ಸಿದ್ಧವಾದ ಹೆಬ್ಬೆರಳು.

1980ರ ಪಂದ್ಯಕ್ಕೆ ನಾನು ಒಂದೇ ಕೆಲಸ ಇಟ್ಟುಕೊಂಡು ಹೋದೆ. ಕಾರುಗಳನ್ನು ನೋಡಲಿಲ್ಲ, ಬುಲೆಟ್ಟುಗಳ ದೊಡ್ಡ ಸದ್ದಿಗೆ ತಿರುಗಲಿಲ್ಲ. ಒಂದು ರೋಲ್ ಪೂರ್ತಿ ಆ ಹುಡುಗನಿಗೇ. ಭುಜ ಕೂಡಿತ್ತು, ಅವನು ಬಂದಿದ್ದ. ಈ ಸಲ ಅಮ್ಮನಿಗೆ ಹೇಳಿಯೇ ಬಂದಿದ್ದ. ಅದೇ ಮೂಲೆ, ಅದೇ ಡಾಂಬರಿನ ಗೆರೆ. ಅವನು ಆ ತಿರುವಿಗೆ ಬಂದಾಗಲೆಲ್ಲ ನನ್ನ ಹೊಟ್ಟೆ ಹಿಂಡುತ್ತಿತ್ತು. ಕೈ ನಡುಗಿ ಎಷ್ಟೋ ಚಿತ್ರ ಹಾಳಾದವು. 36ರಲ್ಲಿ ಒಂದೇ ಒಂದು ಮನಸ್ಸಿಗೆ ಒಪ್ಪುವಂತೆ ಬಂತು. ಗಾಡಿ ವಾಲಿದೆ, ಮೊಣಕಾಲು ಟ್ಯಾಂಕಿಗೆ ಒತ್ತಿದೆ, ಹಿಂದೆ ಜನವೆಲ್ಲ ಗೆರೆಗಳಾಗಿ ಓಡುತ್ತಿದ್ದಾರೆ, ಅವನು ಒಬ್ಬನೇ ಸ್ಥಿರವಾಗಿ, ಮುಂದಿನ ದಾರಿ ನೋಡುತ್ತ ಕೂತಿದ್ದಾನೆ. (ಮಕ್ಕಳೇ, ಇದೆಲ್ಲ ಟ್ರ್ಯಾಕಿನಲ್ಲಿ, ಶಿರಸ್ತ್ರಾಣ ಕೋಟು ತೊಟ್ಟು ಮಾಡುವ ಆಟ. ರಸ್ತೆಯಲ್ಲಿ ಮಾಡುವ ಅಣ್ಣಂದಿರು ನಿಮ್ಮ ಬೀದಿಯಲ್ಲಿದ್ದರೆ ನನ್ನ ಹತ್ತಿರ ಕಳಿಸಿ, ಆ ಬಿದ್ದ ಚಿತ್ರ ತೋರಿಸುತ್ತೇನೆ.)

ದೊಡ್ಡದಾಗಿ ಪ್ರಿಂಟ್ ಮಾಡಿ, ರಟ್ಟಿಗೆ ಅಂಟಿಸಿ, ಅವರ ಮನೆ ಹುಡುಕಿಕೊಂಡು ಹೋದೆ. ಅಗ್ರಹಾರದ ಒಂದು ವಠಾರ. ಆಕೆ ಸೆರಗಿಗೆ ಕೈ ಒರೆಸಿಕೊಂಡು ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

“ಮುಖಾನೇ ಕಾಣ್ಸಲ್ವಲ್ಲಪ್ಪಾ!”

ಇಡೀ ವರ್ಷ ನನಗೆ ಅದು ಹೊಳೆದೇ ಇರಲಿಲ್ಲ. ಶಿರಸ್ತ್ರಾಣದೊಳಗೆ ಯಾರಿದ್ದರೂ ಒಂದೇ. ನಾನು ಪೆಚ್ಚಾಗಿ ನಿಂತೆ. ಆಮೇಲೆ ಆಕೆಯ ಬೆರಳು ಚಿತ್ರದ ಮೇಲೆ ಸರಿಯುತ್ತ ಬಂದು ಮೊಣಕೈಯ ಹತ್ತಿರ ನಿಂತಿತು. ಆ ತೇಪೆ, ಅದರ ಸುತ್ತ ದಪ್ಪ ದಾರದ ಹೊಲಿಗೆ, ಒಂದೊಂದು ಎಳೆಯೂ ಸ್ಪಷ್ಟವಾಗಿ ಬಂದಿತ್ತು. “ಇದು ನಾನೇ ಹಾಕಿದ್ದು” ಎಂದರು. “ಇವನೇ, ಇವನೇ.” ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಚಕ್ಕುಲಿ, ಒಂದು ಲೋಟ ಕಾಫಿ ತಂದುಕೊಟ್ಟರು. ಕೌಂಟರಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಆಮೇಲೆ ಮೂರ್ನಾಲ್ಕು ವರ್ಷ ಹೋಗಿಬಂದೆ. ಮದುವೆಯಾಯಿತು, ಬೇರೆ ಊರಿಗೆ ವರ್ಗವಾಯಿತು, ಬಚ್ಚಲುಮನೆಯಲ್ಲಿ ಕೂಸಿನ ಬಟ್ಟೆ ನೆನೆಹಾಕುವ ಬಕೆಟ್ಟುಗಳು ಸೇರಿಕೊಂಡು ಡೆವಲಪರ್ ತಟ್ಟೆಗಳಿಗೆ ಜಾಗವಿಲ್ಲದಾಯಿತು. 1983ರಲ್ಲಿ ರಾಜದೂತ್ 350 ಬಂತು, ಅದರ ಹಿಂದೆಯೇ ಜಪಾನಿನ ನೂರು ಸಿಸಿ ಗಾಡಿಗಳು ಬಂದವು. ನಮ್ಮ ಯೆಜ್ಡಿಯ ಕಾಲ ಇಳಿಯಿತು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಶೋಲಾವರಂನ ಪಂದ್ಯಗಳೂ ನಿಂತು, 1990ರ ಹೊತ್ತಿಗೆ ಮದ್ರಾಸಿನ ಇನ್ನೊಂದು ದಿಕ್ಕಿನಲ್ಲಿ, ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಟ್ರ್ಯಾಕ್ ಬಂತು. ಅಲ್ಲಿಗೆ ಒಮ್ಮೆ ಹೋಗಿದ್ದೆ. ವ್ಯವಸ್ಥೆ ಚೆನ್ನಾಗಿದೆ, ಬೇಲಿ ಭದ್ರವಾಗಿದೆ, ನೋಡುವವರು ದೂರದಲ್ಲಿರುತ್ತಾರೆ. ಹಾಗೇ ಇರಬೇಕು. ನಾವು ನಿಲ್ಲುತ್ತಿದ್ದ ಜಾಗದಲ್ಲಿ ಇವತ್ತು ಯಾರನ್ನೂ ನಿಲ್ಲಲು ಬಿಡುವುದಿಲ್ಲ, ಬಿಡಲೂಬಾರದು.

ಆ ತಾಯಿ ಈಗಿಲ್ಲ. ಹುಡುಗನಿಗೆ ಎಪ್ಪತ್ತಾಗುತ್ತ ಬಂತು. ದೀಪಾವಳಿಗೆ ಫೋನ್ ಮಾಡುತ್ತಾನೆ, ಚಳಿಗಾಲದಲ್ಲಿ ಭುಜ ನೋಯುತ್ತದಂತೆ.

ಎಣ್ಣೆನೀರಿನ ದಿನ ಈ ಕಥೆಯೆಲ್ಲ ಹೇಳಿದ ಮೇಲೆ ಮೊಮ್ಮಗಳು ಬಿಡಲಿಲ್ಲ. ಅಟ್ಟದಿಂದ ಬಿಸ್ಕತ್ತಿನ ಡಬ್ಬಿಗಳನ್ನು ಇಳಿಸಿದಳು. ಒಳಗೆ ಕಾಗದದ ಲಕೋಟೆಯಲ್ಲಿ ನೆಗೆಟಿವ್‌ಗಳು, ಲೆಡ್ಜರಿನ ಅಕ್ಷರದಲ್ಲಿ ತಾರೀಖು. ಅವಳು ಒಂದೊಂದನ್ನೇ ಬಿಳಿ ಪರದೆ ತೋರಿಸುವ ಮೊಬೈಲಿನ ಮೇಲಿಟ್ಟು, ಇನ್ನೊಂದು ಮೊಬೈಲಿನಿಂದ ಫೋಟೋ ತೆಗೆದು, ಕಪ್ಪನ್ನು ಬಿಳಿ ಮಾಡಿ, ಬಿಳಿಯನ್ನು ಕಪ್ಪು ಮಾಡಿ ತೋರಿಸತೊಡಗಿದಳು. ನನ್ನ ಬಚ್ಚಲುಮನೆಯ ಇಡೀ ರಾತ್ರಿಯ ಕೆಲಸ ಅವಳಿಗೆ ಅರ್ಧ ನಿಮಿಷ.

1979ರ ಲಕೋಟೆ ಬಂತು. “ತಾತ, ಬಿದ್ದಿದ್ದು ಎರಡು ಫೋಟೋ ಅಂದ್ರಿ. ಇಲ್ಲಿ ಮೂರನೇದು ಒಂದಿದೆ.”

ಅದನ್ನು ನಾನು ಯಾವತ್ತೂ ಪ್ರಿಂಟ್ ಮಾಡಿರಲಿಲ್ಲ. ಹಾಳಾದ ಚಿತ್ರವೆಂದು ಬಿಟ್ಟಿದ್ದಿರಬೇಕು. ಅವಳು ದೊಡ್ಡದು ಮಾಡಿದಳು. ಓರೆಯಾದ ಕಾಂಕ್ರೀಟು, ಅಳಿಸಿದ ಹಾಗೆ. ಒಂದು ಮೂಲೆಯಲ್ಲಿ ಅರ್ಧ ಬೂಟು. ನನ್ನದೇ ಬೂಟು, ಬ್ಯಾಂಕಿಗೆ ಹಾಕಿಕೊಂಡು ಹೋಗುತ್ತಿದ್ದದ್ದು. ಅದರ ಪಕ್ಕದಲ್ಲಿ ನನ್ನ ನೆರಳು.

“ಓಡ್ತಾ ಇದ್ರಾ ತಾತ?”

ನಿಂತಲ್ಲೇ ನಿಂತಿರಲಿಲ್ಲ ಎನ್ನುವುದಂತೂ ಖಂಡಿತ. ಹೆಜ್ಜೆ ಎತ್ತಿದೆ, ಕ್ಯಾಮೆರಾ ಕೆಳಗೆ ಜೋಲಿದೆ, ಬೆರಳು ಅರಿವಿಲ್ಲದೆ ಒತ್ತಿದೆ. ಆದರೆ ಆ ಹುಡುಗನ ಕಡೆಗೆ ಓಡುತ್ತಿದ್ದೆನೋ, ಜಾರಿಬರುತ್ತಿದ್ದ ಗಾಡಿಯಿಂದ ತಪ್ಪಿಸಿಕೊಳ್ಳಲು ಹಿಂದಕ್ಕೆ ಓಡುತ್ತಿದ್ದೆನೋ, ನೆಗೆಟಿವ್‌ನಲ್ಲಿ ಅದು ಬಂದಿಲ್ಲ. ನನಗೂ ನೆನಪಿಲ್ಲ. ಮೊಮ್ಮಗಳು ಚಿತ್ರವನ್ನು ಅತ್ತ ಇತ್ತ ತಿರುಗಿಸಿ, ನೆರಳು ಬಿದ್ದ ದಿಕ್ಕು, ಬೂಟಿನ ತುದಿ ಎಲ್ಲ ನೋಡಿ ಲೆಕ್ಕ ಹಾಕುತ್ತಿದ್ದಾಳೆ. ಪಂದ್ಯ ಎಷ್ಟು ಗಂಟೆಗೆ ನಡೆಯಿತು, ಸೂರ್ಯ ಯಾವ ಕಡೆಗಿದ್ದ ಎಂದು ನನ್ನನ್ನು ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ. ಹುಡುಗನಿಗೆ ಫೋನ್ ಮಾಡಿ ವಿಚಾರಿಸೋಣ ಎಂದಳು. ಮಾಡಿದೆವು. “ನನಗೆ ಆಕಾಶ ಬಿಟ್ಟು ಬೇರೇನೂ ಕಾಣಿಸ್ಲಿಲ್ಲ ಸಾರ್” ಎಂದು ಅವನು ನಕ್ಕ. ಆ ಮೂರನೇ ಚಿತ್ರ ತನಗೊಂದು ಬೇಕಂತೆ, ಕಳಿಸಿದ್ದೇವೆ.